ಉಳಿದ ಒಂದೇ ಮಾತು

೧೯ ಫೆಬ್ರವರಿ ೨೦೦೬, ಭಾನುವಾರ

ಇವರನ್ನು ಇಂದು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಸೌತ್ ಬಿ ಬಡಾವಣೆಯ ಈ ಫ್ಲ್ಯಾಟಿಗೆ ಲಿಫ್ಟ್ ಇಲ್ಲ. ಇವರ ಫ್ಯಾಕ್ಟರಿಯ ಯೋಗೀಶ ಮತ್ತು ಗೇಟಿನ ಕಾವಲುಗಾರ ಸೇರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದರು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ವಾಲಿತು. ಇವರು ಎಡಗೈಯಿಂದ ಕಂಬಿ ಹಿಡಿದುಕೊಂಡು, "ಸವಾ, ಸವಾ, ಸವಾ" ಎಂದರು. ಹೊರುತ್ತಿದ್ದ ಕಾವಲುಗಾರನೂ "ಸವಾ" ಎಂದು ಹೇಳಿ ಇನ್ನೂ ಜೋರಾಗಿ ಎತ್ತಿದ. ಇವರ ಕಣ್ಣಲ್ಲಿದ್ದ ಹೆದರಿಕೆ ಅವನಿಗೆ ಕಾಣಲಿಲ್ಲ.

ಔಷಧಿ ಫ್ಯಾಕ್ಟರಿಯಲ್ಲಿ ಮಾತ್ರೆ ಮಾಡುವ ವಿಭಾಗದ ಮ್ಯಾನೇಜರ್ ಇವರು. ಈ ತಿಂಗಳ ಮೊದಲ ವಾರ ಅಲ್ಲೇ, ಮಿಷನ್ನಿನ ಪಕ್ಕದಲ್ಲೇ ಕುಸಿದು ಬಿದ್ದರು. ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿದೆಯಂತೆ. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ಹೋಗಿದೆ. ಕನ್ನಡ ಹೋಯಿತು, ಇಂಗ್ಲಿಷ್ ಹೋಯಿತು. ಉಳಿದದ್ದು ಈ ಪರದೇಶದ ಊರಿನವರು ದಿನಕ್ಕೆ ನೂರು ಸಲ ಆಡುವ ಆ ಒಂದು ಮಾತು. ಸವಾ. ಸರಿ, ಆಗಲಿ, ಪರವಾಗಿಲ್ಲ.

ನೀರು ಬೇಕಾ ಎಂದರೂ ಸವಾ. ಬೇಡವಾ ಎಂದರೂ ಸವಾ. ನಾನು ಯಾರು ಹೇಳಿ ನೋಡೋಣ ಎಂದು ಕೇಳಿದೆ. ನನ್ನನ್ನೇ ನೋಡುತ್ತಾ ಬಹಳ ಹೊತ್ತು ತುಟಿ ಕದಲಿಸಿದರು. ಆಮೇಲೆ ಅದೇ ಮಾತು.

ಮನೆಕೆಲಸದ ಅಕಿನ್ಯಿಗೆ ಮಾತ್ರ ಬಹಳ ಸಂತೋಷವಾಗಿದೆ. "ಸವಾ, ಬ್ವಾನಾ?" ಎಂದು ಯಜಮಾನರನ್ನು ಕೇಳಿದಳು. "ಸವಾ" ಎಂದರು. "ನೋಡಿ ಮಾಮಾ, ಮಾತಾಡ್ತಾರಲ್ಲ!" ಎಂದಳು. ಇಲ್ಲಿ ಮನೆಯ ಹೆಂಗಸನ್ನು ಮಾಮಾ ಎಂದೇ ಕರೆಯುವುದು.

ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ. ಅದಕ್ಕೇ ಮಗಳು ಅಪೇಕ್ಷಾಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

೨೩ ಫೆಬ್ರವರಿ, ಗುರುವಾರ

ಮಾತಿನ ಥೆರಪಿಸ್ಟ್ ಮಿಸೆಸ್ ಮುತೋನಿ ಬಂದಿದ್ದರು. ದೊಡ್ಡ ಮೈ, ಮೆತ್ತಗಿನ ದನಿ. ಸೇಬು, ಚಮಚ, ಬೆಕ್ಕಿನ ಚಿತ್ರ ತೋರಿಸಿದರು. ಮೂವತ್ತು ಜನರ ಮೇಲೆ ಅಧಿಕಾರ ನಡೆಸುತ್ತಿದ್ದ ಮನುಷ್ಯ ಬೆಕ್ಕಿನ ಚಿತ್ರಕ್ಕೆ ಸವಾ ಎಂದು, ಅದು ತಪ್ಪೆಂದು ತನಗೇ ಗೊತ್ತಾಗಿ, ತಲೆ ತಗ್ಗಿಸಿದರು. ನಾನು ಅಡುಗೆಮನೆಗೆ ಹೋಗಿಬಿಟ್ಟೆ.

ಹೊರಡುವಾಗ ಆಕೆ ನನ್ನ ಕೈ ಹಿಡಿದು ಹೇಳಿದರು: ಇವರಿಗೆ ಪರೀಕ್ಷೆ ಮಾಡಬೇಡಿ. ಇವರ ಮೊದಲ ಭಾಷೆಯಲ್ಲಿ, ಇವರ ಬಾಲ್ಯದ ಸಂತೋಷದ ಸಂಗತಿಗಳನ್ನು ಹೇಳುತ್ತಾ ಹೋಗಿ. ತಂದೆ ತಾಯಿ, ಊರು, ಆಟ. ಮಾತು ಬಂದರೆ ಆ ದಾರಿಯಲ್ಲೇ ಬಂದೀತು.

"ಬರುತ್ತಾ?" ಎಂದೆ.

"ಪೊಲೆ, ಮಾಮಾ, ಕ್ಷಮಿಸಿ. ನನಗೆ ಗೊತ್ತಿಲ್ಲ" ಎಂದರು.

ಇವರ ಬಾಲ್ಯ ನನಗೇನು ಗೊತ್ತು? ಮದುವೆಯಾದಾಗಿನಿಂದ ಇವರು ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ದಾವಣಗೆರೆಯಲ್ಲಿ ಹುಟ್ಟಿದರು, ಮಾವನವರು ಹತ್ತಿ ಗಿರಣಿಯಲ್ಲಿದ್ದರು. ಅಷ್ಟೇ. ನನ್ನ ಬಾಲ್ಯವನ್ನು ಇವರೂ ಕೇಳಿದವರಲ್ಲ. ಅದರಲ್ಲಿ ಹೇಳುವಂಥದ್ದೂ ಏನಿಲ್ಲ ಬಿಡಿ.

೫ ಮಾರ್ಚ್, ಭಾನುವಾರ

ದಾವಣಗೆರೆಗೆ, ಇವರ ಅಕ್ಕ ಕಮಲಾ ಅತ್ತಿಗೆಗೆ ಫೋನ್ ಮಾಡಿದೆ. ಅತ್ತಿಗೆಗೂ ನನಗೂ ಅಂಥ ಬಳಕೆಯಿಲ್ಲ. ಹಬ್ಬಕ್ಕೊಮ್ಮೆ ಕ್ಷೇಮ ಕೇಳುವುದು, ಇಡುವುದು. ಇಂದು, "ಇವರು ಚಿಕ್ಕವರಿದ್ದಾಗಿನದು ಏನಾದ್ರೂ ಹೇಳಿ ಅತ್ತಿಗೆ" ಎಂದೆ.

"ಏನ್ ಹೇಳ್ಲವ್ವ... ಅವನಿಗ್ ಏನೂ ನೆನಪಿಲ್ಲೇನು?"

"ಗೊತ್ತಿಲ್ಲ ಅತ್ತಿಗೆ. ಏನಿದೆ, ಏನಿಲ್ಲ ಅಂತ ಗೊತ್ತಾಗಲ್ಲ."

ಆಮೇಲೆ ಹೇಳಿದರು. ಮಾವನವರು ಗಿರಣಿಯಿಂದ ಬರುವಾಗ ತಲೆ, ಹುಬ್ಬು, ಕಿವಿಯ ಕೂದಲಲ್ಲೆಲ್ಲಾ ಹತ್ತಿಯ ಧೂಳು ಅಂಟಿಕೊಂಡು ಅಜ್ಜನಾಗಿ ಬರುತ್ತಿದ್ದರಂತೆ. ಅಕ್ಕ ತಮ್ಮ ಇಬ್ಬರೂ ಅವರ ಬೆನ್ನೇರಿ ಅದನ್ನು ಆರಿಸುವುದು. ಅತ್ತಿಗೆ ಊದಿ ಹಾರಿಸಿದರೆ ಇವರು ಜಗಳ ತೆಗೆಯುತ್ತಿದ್ದರಂತೆ. ಅಷ್ಟನ್ನೂ ಒಂದು ಡಬ್ಬಿಯಲ್ಲಿ ತುಂಬಿ ಅಪ್ಪನಿಗೆ ದಿಂಬು ಮಾಡಿಕೊಡಬೇಕೆಂದು. "ವರ್ಷ ಆದ್ರೂ ಒಂದ್ ನಿಂಬೆಹಣ್ಣಿನಷ್ಟ್ ಆಗ್ಲಿಲ್ಲ. ಅಷ್ಟಕ್ಕೇ ಒಂದ್ ಬಟ್ಟೆ ಹೊಲಿಸ್ಕೊಂಡು ಬಂದ. ನಮ್ಮಪ್ಪ ಅದನ್ನ ಕಿವಿ ಕೆಳಗಿಟ್ಕೊಂಡು ಮಲಗ್ತಿದ್ರು ಗಿರಿಜಾ, ಆಣೆ ಐತೆ." ಅತ್ತಿಗೆ ನಗುತ್ತಾ ಹೇಳಲು ಶುರು ಮಾಡಿ ಅಳುತ್ತಾ ಇಟ್ಟರು.

ಸಂಜೆ ಇವರಿಗೆ ಹಾಗೆಯೇ ಹೇಳಿದೆ. ಕೇಳಿದರು. ಕಣ್ಣು ಕಿಟಕಿಯ ಕಡೆ ಇತ್ತು. ಸವಾ ಎಂದೂ ಅನ್ನಲಿಲ್ಲ.

೬ ಮಾರ್ಚ್

ಬೆಳಿಗ್ಗೆ ಇವರಿಗೆ ತಿಂಡಿ ತಿನ್ನಿಸುವಾಗ ಎಡಗೈ ಎತ್ತಿ ನನ್ನ ತಲೆಯಿಂದ ಏನನ್ನೋ ಚಿವುಟಿ ತೆಗೆದರು. ನೋಡಿದೆ. ಕೈಯಲ್ಲಿ ಏನೂ ಇರಲಿಲ್ಲ. ಬೆರಳು ಬಿಗಿಹಿಡಿದೇ ಇದ್ದರು, ಎಲ್ಲಿಡಬೇಕೆಂದು ತಿಳಿಯದವರ ಹಾಗೆ.

೧೮ ಮಾರ್ಚ್, ಶನಿವಾರ

ಅತ್ತಿಗೆ ಈಗ ತಾವೇ ಫೋನ್ ಮಾಡುತ್ತಾರೆ. ಮಂಡಕ್ಕಿಯ ಮೇಲೆ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ತಿಂದು ಕಣ್ಣೀರಿಳಿಸಿಕೊಂಡು "ಖಾರ ಇಲ್ಲ" ಎಂದದ್ದು. ಸೈಕಲ್ ಕಲಿಯಲು ಹೋಗಿ ಮದುವೆ ಮೆರವಣಿಗೆಯ ಬ್ಯಾಂಡಿನವರ ಮಧ್ಯೆ ನುಗ್ಗಿದ್ದು. ಎಲ್ಲವನ್ನೂ ಇವರಿಗೆ ತಲುಪಿಸುತ್ತೇನೆ. ಫೋನನ್ನೇ ಇವರ ಕಿವಿಗಿಟ್ಟರೆ ಅತ್ತಿಗೆ ತಮ್ಮನನ್ನು "ಗಂಗಾ, ಗಂಗಾ" ಎಂದು ಕೂಗಿ ಮುಂದೆ ಮಾತು ಬರದೆ ನಿಲ್ಲುತ್ತಾರೆ. ಇವರು "ಸವಾ" ಎನ್ನುತ್ತಾರೆ. ಅದಕ್ಕೆ ನಾನೇ ಹೇಳಬೇಕು.

ಬ್ಯಾಂಡಿನ ಕಥೆಗೆ ನಕ್ಕರೇ? ಬಾಯಿಯ ಎಡಗಡೆ ಸ್ವಲ್ಪ ಮೇಲೆ ಹೋಯಿತು. ಅಪೇಕ್ಷಾ ಹೋಮ್‌ವರ್ಕ್ ಬಿಟ್ಟು, "ಹಿ ಸ್ಮೈಲ್ಡ್!" ಎಂದಳು. ನನಗೆ ಖಾತ್ರಿಯಿಲ್ಲ. ಮುಖದ ಬಲಗಡೆ ಏನೂ ಹೇಳುವುದಿಲ್ಲ.

೩೦ ಮಾರ್ಚ್, ಯುಗಾದಿ

ಬೇವು ಸಿಗಲಿಲ್ಲ. ಹೋದ ವರ್ಷ ಇವರೇ ಎಲ್ಲಿಂದಲೋ ತಂದಿದ್ದರು. ಎಲ್ಲಿಂದ ಎಂದು ಕೇಳಿದೆ. ಗೊತ್ತಿದೆ, ಹೇಳಬೇಕೆಂದಿದೆ, ಕೈಯನ್ನು ಬಾಗಿಲ ಕಡೆ, ಮೇಲೆ, ಮತ್ತೆ ಬಾಗಿಲ ಕಡೆ ಮಾಡಿದರು. ಸವಾ, ಸವಾ. ಕೊನೆಗೆ ಮುಷ್ಟಿಯಿಂದ ತಮ್ಮ ತೊಡೆಗೆ ಹೊಡೆದುಕೊಂಡರು. ಕೇಳಬಾರದಿತ್ತು.

ಬೆಲ್ಲ ಮಾತ್ರ ತಿಂದೆವು.

೯ ಏಪ್ರಿಲ್, ಭಾನುವಾರ

ಯೋಗೀಶ ಬಂದಿದ್ದ. ಚಹಾ ಮುಟ್ಟದೆ ಲೋಟವನ್ನೇ ತಿರುಗಿಸುತ್ತಾ ಕೂತ. ಹೇಳುವುದೇನೆಂದು ಅರ್ಥವಾಯಿತು.

"ಅಕ್ಕಾ, ಸಾರ್ ಕಾಂಟ್ರ್ಯಾಕ್ಟು ಜೂನ್‌ಗೆ ಮುಗಿಯುತ್ತೆ. ರಿನ್ಯೂ ಮಾಡಲ್ಲ ಅಂತಿದ್ದಾರೆ. ವರ್ಕ್ ಪರ್ಮಿಟ್ಟೂ ಅದರ ಮೇಲೇ ಇರೋದು. ಈ ಮನೆನೂ ಕಂಪನಿದೇ ಅಲ್ವಾ..."

"ಅಂದ್ರೆ ಹೋಗಬೇಕು."

"ನಾನು ಕೇಳ್ದೆ ಅಕ್ಕಾ. ಎರಡು ಸಲ ಕೇಳ್ದೆ."

ಇವರು ಪಕ್ಕದಲ್ಲೇ ಕೂತಿದ್ದರು. ಎಲ್ಲಾ ಕೇಳಿಸಿಕೊಂಡರು. ಯೋಗೀಶ ಅವರ ಕೈ ಮುಟ್ಟಿ, "ಸಾರ್, ಸಾರಿ ಸಾರ್" ಎಂದ. ಇವರು ಅವನ ಬೆನ್ನು ತಟ್ಟಿ "ಸವಾ" ಎಂದರು. ಈ ಎರಡು ತಿಂಗಳಲ್ಲಿ ಆ ಮಾತು ಸರಿಯಾದ ಜಾಗಕ್ಕೆ ಬಿದ್ದದ್ದು ಅದೊಂದೇ ಸಲ. ಯೋಗೀಶ ಎದ್ದು ಬಾಲ್ಕನಿಗೆ ಹೋಗಿ ನಿಂತುಬಿಟ್ಟ.

೧೬ ಏಪ್ರಿಲ್, ಭಾನುವಾರ

ಮಳೆ. ಕರೆಂಟಿಲ್ಲ. ಕಮಲಾ ಅತ್ತಿಗೆ ತಮ್ಮ ಮನೆಯ ಮೇಲಿನ ಭಾಗ ಖಾಲಿ ಮಾಡಿಸುತ್ತಾರಂತೆ. "ಇಲ್ಲೇ ಬಂದ್‌ಬಿಡ್ರಿ, ನನ್ ತಮ್ಮನ್ನ ನಾ ನೋಡ್ಕಂತೀನಿ" ಎಂದರು. ದಾವಣಗೆರೆಗೆ ಹೋಗೋಣವೇ ಎಂದು ಇವರನ್ನು ಕೇಳಿದೆ. ಸವಾ. ಬೇಡವೇ, ಬೆಂಗಳೂರಲ್ಲಿ ಮನೆ ಮಾಡೋಣವೇ ಎಂದೆ. ಸವಾ. ಇಲ್ಲೇ ಏನಾದರೂ ಮಾಡಿ ಇರೋಣವೇ? ಸವಾ.

ತಾಳ್ಮೆ ಹೋಯಿತು. "ಬೇರೆ ಒಂದೇ ಒಂದು ಮಾತಾಡಿ. ಬೈಯಿರಿ ನನ್ನ. ಮುಂಡೇದೇ ಅನ್ನಿ" ಎಂದು ಕೂಗಿದೆ. ಇವರು ನನ್ನನ್ನೇ ನೋಡಿದರು. ಬಾಯಿ ತೆರೆದರು. ಆ ಮಾತು ಬರುತ್ತದೆಂದು ಗೊತ್ತಾಗಿ ಬಾಯಿ ಮುಚ್ಚಿಕೊಂಡರು.

ಅಪೇಕ್ಷಾ ಕೋಣೆಯಿಂದ ಬಂದು ನಿಂತಿದ್ದಳು. ಹನ್ನೆರಡು ವರ್ಷದ ಹುಡುಗಿ, ಮೂರು ವರ್ಷದವಳಿದ್ದಾಗ ಈ ಊರಿಗೆ ಬಂದದ್ದು. "ಎವ್ರಿಬಡಿ ಆಸ್ಕ್ಸ್ ಅಪ್ಪ. ಹಿ ವಿಲ್ ಸೇ ಸವಾ ಟು ಎನಿಥಿಂಗ್. ನೋಬಡಿ ಆಸ್ಕ್ಸ್ ಮಿ" ಎಂದಳು.

"ಸರಿ, ನಿನಗೆ ಏನು ಬೇಕು ಹೇಳು."

"ಐ ವಾಂಟ್ ಟು ಸ್ಟೇ."

ಅವಳು ಬಾಗಿಲು ಹಾಕಿಕೊಂಡಳು.

೧೭ ಏಪ್ರಿಲ್

ಏನೂ ಬರೆಯುವುದಕ್ಕಿಲ್ಲ.

೨೯ ಏಪ್ರಿಲ್, ಶನಿವಾರ

ಅತ್ತಿಗೆಗೆ ಜ್ವರವಂತೆ, ಫೋನಿಲ್ಲ. ಹೇಳಲು ಹೊಸ ಕಥೆಯಿಲ್ಲ. ಹತ್ತಿಯ ದಿಂಬು, ಬ್ಯಾಂಡು, ಬಜ್ಜಿ ಎಲ್ಲ ಎಷ್ಟು ಸಲ ಹೇಳುವುದು. ಇಂದು ಇವರ ಬಲಗಾಲಿಗೆ ಎಣ್ಣೆ ತಿಕ್ಕುತ್ತಾ ಸುಮ್ಮನಿರಲಾರದೆ ನನ್ನದೇ ಒಂದು ಹೇಳಿದೆ.

ಕೆಜಿಎಫ್‌ನಲ್ಲಿ ನಮ್ಮಪ್ಪ ಚಿನ್ನದ ಗಣಿಯ ಒಳಗೆ ಎಲೆಕ್ಟ್ರಿಷಿಯನ್ ಆಗಿದ್ದದ್ದು ಇವರಿಗೆ ಗೊತ್ತು. ಅಪ್ಪ ದಿನವೂ ಡಬ್ಬಿಯಲ್ಲಿ ಚಿತ್ರಾನ್ನ ತೆಗೆದುಕೊಂಡು ಕೆಳಗಿಳಿಯುತ್ತಿದ್ದರು. ಸಂಜೆ ಬರುವಾಗ ಡಬ್ಬಿಯ ತಳದಲ್ಲಿ ಮೂರು ತುತ್ತು ಉಳಿದಿರುತ್ತಿತ್ತು. ನನಗೊಂದು, ತಂಗಿಗೊಂದು, ತಮ್ಮನಿಗೊಂದು. ಬೆಳಿಗ್ಗೆ ಅಮ್ಮ ಅದೇ ಚಿತ್ರಾನ್ನ ಕೊಟ್ಟರೆ ಬೇಡವೆನ್ನುತ್ತಿದ್ದ ನಾವು ಆ ತುತ್ತಿಗೆ ಗೇಟಿನಲ್ಲೇ ಕಾಯುತ್ತಿದ್ದೆವು. ಭೂಮಿಯೊಳಗೆ ಹೋಗಿ ಬಂದ ಅನ್ನ. ತಣ್ಣಗೆ, ಸ್ವಲ್ಪ ಹುಳಿಯಾಗಿ, ಕಬ್ಬಿಣದ ವಾಸನೆ. ಕೆಲವು ಸಲ ಕೆಳಗೆಲ್ಲೋ ಬಂಡೆ ಸಿಡಿದು ಮನೆಯೆಲ್ಲಾ ಅದುರುತ್ತಿತ್ತು. ಅಡುಗೆಮನೆಯ ಪಾತ್ರೆ ಉರುಳುತ್ತಿದ್ದವು. ಅಮ್ಮ ಪಾತ್ರೆ ಎತ್ತದೆ ಗೇಟಿಗೆ ಓಡಿಹೋಗಿ ನಿಲ್ಲುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಅವರವರ ಗೇಟಿನಲ್ಲಿ. ಅಪ್ಪ ಮೂಲೆ ತಿರುಗಿ ಕಂಡ ಕೂಡಲೇ ಅಮ್ಮ ಒಳಗೆ ಬಂದು ಏನೂ ಆಗದವಳಂತೆ ಪಾತ್ರೆ ಜೋಡಿಸಲು ಶುರು ಮಾಡುವಳು. ಅಂಥ ದಿನವೂ ಡಬ್ಬಿಯಲ್ಲಿ ಮೂರು ತುತ್ತು ಇರುತ್ತಿತ್ತು.

ಹೇಳಿ ಮುಗಿಸಿ ತಲೆ ಎತ್ತಿದರೆ ಇವರ ಕಣ್ಣಲ್ಲಿ ನೀರು. ಕಾಲು ನೋಯಿತೇ ಎಂದು ಎಣ್ಣೆ ಹಚ್ಚುವುದು ನಿಲ್ಲಿಸಿದೆ. ಎಡಗೈಯಿಂದ ಹಾಸಿಗೆ ತಟ್ಟಿದರು. "ಸವಾ?" ಎಂದರು, ದನಿ ಮೇಲೆತ್ತಿ. ಆಮೇಲೆ ಮತ್ತೆ ತಟ್ಟಿದರು.

ಮುಂದೆ ಹೇಳು ಎಂದೇ ಇರಬೇಕು. ನನ್ನ ತಂಗಿ ಗಣಿಯ ಬಿಳಿ ಮಣ್ಣಿನ ಗುಡ್ಡದಿಂದ ತಗಡಿನ ಮೇಲೆ ಕೂತು ಜಾರಿದ್ದನ್ನು ಹೇಳಿದೆ.

೧೪ ಮೇ, ಭಾನುವಾರ

ಬೆಳಿಗ್ಗೆ ನಾವು ಬಹಳ ಹೊತ್ತು ಮಾತಾಡಿದೆವು. ಕೆಜಿಎಫ್‌ನ ಕ್ರಿಸ್‌ಮಸ್, ಪಕ್ಕದ ಮನೆಯ ತಮಿಳು ಅಜ್ಜಿ, ಅವಳು ನನಗೆ ಇಟ್ಟಿದ್ದ ಅಡ್ಡಹೆಸರು. ಅಡ್ಡಹೆಸರು ಹೇಳುವುದಿಲ್ಲ ಎಂದೆ. ಸವಾ, ಸವಾ ಎಂದು ಪೀಡಿಸಿದರು. ಹೇಳಿದೆ. ಈ ಸಲ ನಕ್ಕದ್ದು ಖಂಡಿತ. ಅನ್ನ ಸೀದುಹೋಯಿತು.

ಮಿಸೆಸ್ ಮುತೋನಿ ಹೊಸ ಮಾತು ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಇನ್ನು ಬರುವುದು ಕಷ್ಟ ಎಂದು ಮೆತ್ತಗೆ ಹೇಳಿದರು. ಅವರು ಹೋದ ಮೇಲೆ ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದೆನೋ. ಅಕಿನ್ಯಿ ಬಂದು ಪಕ್ಕಕ್ಕೆ ಸರಿಸಿ ಬಾಗಿಲು ಹಾಕಿದಳು.

೩ ಜೂನ್, ಶನಿವಾರ

ಸೋಫಾ ಮಾರಾಯಿತು. ಊಟದ ಮೇಜನ್ನು ಯೋಗೀಶ ತೆಗೆದುಕೊಂಡ. ಅಕಿನ್ಯಿಗೆ ಪಾತ್ರೆ, ಕಂಬಳಿ. ದಾವಣಗೆರೆ ಎಂದೇ ತೀರ್ಮಾನ ಮಾಡಿದ್ದೇನೆ. ಅತ್ತಿಗೆಗೆ ಫೋನ್ ಮಾಡಿ, ಮೇಲಿನ ಮನೆ ಬೇಡ, ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗಿನದನ್ನೇ ಬಿಟ್ಟುಕೊಡಿ ಎಂದೆ. "ಆಯ್ತವ್ವ, ಹಂಗೇ ಮಾಡನ" ಎಂದರು. ಇವರನ್ನು ಕೇಳಲಿಲ್ಲ, ಹೇಳಿದೆ.

ಅಪೇಕ್ಷಾ ನನ್ನ ಜೊತೆ ಮಾತಾಡುವುದಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ಟಿವಿ ನೋಡುತ್ತಾಳೆ. ಟಿವಿಯೂ ನಾಳೆ ಹೋಗುತ್ತದೆ.

೨೪ ಜೂನ್, ಶನಿವಾರ

ವಿಮಾನದಲ್ಲಿ ಬರೆಯುತ್ತಿದ್ದೇನೆ. ಇಬ್ಬರೂ ನಿದ್ದೆ ಹೋಗಿದ್ದಾರೆ.

ಮಧ್ಯಾಹ್ನ ಬರಿದಾದ ಹಾಲ್‌ನಲ್ಲಿ ಯೋಗೀಶನ ಕಾರಿಗೆ ಕಾಯುತ್ತಿದ್ದೆವು. ಇವರು ಗಾಲಿಕುರ್ಚಿಯಲ್ಲಿ, ನಾವಿಬ್ಬರು ಸೂಟ್‌ಕೇಸುಗಳ ಮೇಲೆ. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ಅಪೇಕ್ಷಾ ಬೆಳಗಿನಿಂದ ಅತ್ತು ಮುಖ ಊದಿಸಿಕೊಂಡಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಂದು ಇವರ ಕಾಲ ಬಳಿ ನೆಲದಲ್ಲಿ ಕೂತಳು.

"ಅಪ್ಪಾ, ನಾನೂ ಹೇಳ್ತೀನಿ. ನನ್ನ ಚೈಲ್ಡ್‌ಹುಡ್ ಸ್ಟೋರಿ" ಎಂದಳು. ಅವಳು ನಮಗೆ ಕನ್ನಡದಲ್ಲಿ ಉತ್ತರ ಕೊಡುವುದನ್ನು ಬಿಟ್ಟು ವರ್ಷಗಳಾಗಿತ್ತು. ತಡವರಿಸುತ್ತಾ ಹೇಳಿದಳು.

"ನಾನು ಸಿಕ್ಸ್ ಇದ್ದೆ. ನೈವಾಶಾ ಲೇಕ್‌ನಿಂದ ವಾಪಸ್ ಬರ್ತಿದ್ವಿ. ದೊಡ್ಡ ಜ್ಯಾಮ್. ಫುಲ್ ಮಳೆ. ನೀನು ಕಿಟಕಿ ಇಷ್ಟೇ ಇಷ್ಟು ಓಪನ್ ಮಾಡಿ ಸುಟ್ಟ ಜೋಳ ತಗೊಂಡೆ. ನನ್ನ ಫ್ರಂಟ್ ಸೀಟ್‌ಗೆ ಕರ್ಕೊಂಡೆ. ರೇಡಿಯೋ ಆಫ್ ಮಾಡ್ದೆ. ಮತ್ತೆ ನೀನು ಹೇಳ್ದೆ, ನಾವು ಇವಾಗ ಕಳ್ಳರು, ಸೌಂಡ್ ಮಾಡ್ಬಾರ್ದು ಅಂತ. ಒಂದೊಂದೇ ಕಾಳು ತಿನ್ನೋದು. ಪಿಸುಪಿಸು ಮಾತಾಡೋದು. ನೀನು ಕರ್ಚೀಫ್‌ನಲ್ಲಿ ಇಲಿ ಮಾಡಿ ಅದರ ಹತ್ರ ಕಥೆ ಹೇಳಿಸ್ದೆ, ಅದೂ ಪಿಸುಪಿಸು. ನಂಗೆ ತುಂಬಾ ನಗು ಬಂತು, ನೀನು ನನ್ನ ಬಾಯಿ ಮುಚ್ಚಿದೆ. ಅವರ್ಸ್ ಅಂಡ್ ಅವರ್ಸ್. ಓನ್ಲಿ ಯು ಅಂಡ್ ಮಿ. ದಟ್ ವಾಸ್ ದ ಬೆಸ್ಟ್ ಡೇ, ಅಪ್ಪ."

ನಾನು ಬೆರಗಾಗಿ ಕೇಳುತ್ತಿದ್ದೆ. ಇವರು ಕರ್ಚೀಫಿನಲ್ಲಿ ಇಲಿ ಮಾಡುವುದನ್ನು ನಾನು ಕಂಡವಳಲ್ಲ.

ಇವರು ಮೊದಲು ನಗುತ್ತಿದ್ದರು. ಕೊನೆಗೆ ಬಂದಾಗ ನಗು ನಿಂತಿತು. "ಸವಾ" ಎಂದರು, ಗಟ್ಟಿಯಾಗಿ. ತಲೆ ಅಡ್ಡ ಆಡಿಸಿದರು. "ಸವಾ! ಸವಾ!" ಎಡಗೈ ಎತ್ತಿ ನನ್ನ ಕಡೆ ತೋರಿಸಿದರು.

ನೀರು ಕೇಳುತ್ತಿದ್ದಾರೆಂದು ಬಾಟಲಿ ಹಿಡಿದೆ. ಕೈಯಿಂದ ತಳ್ಳಿದರು. ನೀರು ನೆಲಕ್ಕೆ ಚೆಲ್ಲಿತು. ಬಾತ್‌ರೂಮಿಗೆ ಹೋಗಬೇಕೇ? ಸವಾ, ಸವಾ. ಎಲ್ಲಾದರೂ ನೋಯುತ್ತಿದೆಯೇ? ಮುಖವೆಲ್ಲ ಕೆಂಪಾಯಿತು. ಕುತ್ತಿಗೆಯ ನರ ಎದ್ದು ನಿಂತಿತು. ಮತ್ತೆ ನನ್ನನ್ನೇ ತೋರಿಸಿದರು. ಈ ಹೊತ್ತಿನಲ್ಲಿ ಮತ್ತೆ ಏನಾದರೂ ಆದರೆ ಏನು ಮಾಡಲಿ ಎಂದು ಹೆದರಿದೆ. "ಅವಳನ್ನು ಸುಮ್ಮನಿರಿಸು ಅಂತಿದ್ದಾರಾ? ಅಪೇಕ್ಷಾ, ಸಾಕು ಮಾಡು" ಎಂದೆ. ಇವರು ಕುರ್ಚಿಯ ಹಿಡಿಗೆ ಹೊಡೆದರು. ಕಣ್ಣಿಂದ ನೀರು ಇಳಿಯತೊಡಗಿತು.

ಅಪೇಕ್ಷಾಳಿಗೆ ಗಾಬರಿ. "ವಾಟ್ ಡಿಡ್ ಐ ಸೇ ರಾಂಗ್? ಸಿಕ್ಸ್ ಅಲ್ವಾ? ಸೆವೆನ್? ಜೋಳ ಅಲ್ವಾ? ಅಪ್ಪಾ, ಮಳೆ ಇರ್ಲಿಲ್ವಾ?" ಒಂದೊಂದಕ್ಕೂ ಇವರು ಅದಲ್ಲ ಎಂಬಂತೆ ತಲೆ ಅಡ್ಡ ಆಡಿಸಿದರು. ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ನಾನು ಬ್ಯಾಗುಗಳನ್ನು ಎತ್ತಿಕೊಳ್ಳತೊಡಗಿದೆ. ಇನ್ನೇನು ಮಾಡಲಿ, ಗೊತ್ತಾಗದಿದ್ದರೆ ಗೊತ್ತಾಗದು, ಯುಗಾದಿಯ ಬೇವಿನ ಹಾಗೆ ಇದೂ ಇವರೊಳಗೇ ಉಳಿಯುತ್ತದೆ ಅಂದುಕೊಂಡೆ.

ಆಗ ಇವರು ನನ್ನನ್ನು ತೋರಿಸಿದ ಕೈಯನ್ನೇ ಮಡಚಿ ಕೆನ್ನೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿದರು.

ಅಪೇಕ್ಷಾ ಎದ್ದು ನಿಂತಳು. "ಓ! ಅಮ್ಮ ಮಲಗಿದ್ಲು! ಅಮ್ಮ ಹಿಂದಿನ ಸೀಟ್‌ನಲ್ಲಿ ಮಲಗಿದ್ಲು, ಅದಕ್ಕೇ ಪಿಸುಪಿಸು! ಅಪ್ಪಾ, ದಟ್ಸ್ ವೈ?"

ಇವರು ಉಸಿರು ಬಿಟ್ಟರು. ಕೈ ತೊಡೆಯ ಮೇಲೆ ಇಳಿಯಿತು.

ಆ ವರ್ಷ ನನಗೆ ಮಲೇರಿಯಾ ಬಂದು ಬಹಳ ಸೋತಿದ್ದೆ. ಗಾಳಿ ಬದಲಾಗಲಿ ಎಂದು ನೈವಾಶಾಕ್ಕೆ ಕರೆದುಕೊಂಡು ಹೋಗಿದ್ದರು. ಕೆರೆ ನೆನಪಿದೆ. ಹೋಗುವ ದಾರಿ ನೆನಪಿದೆ. ಬಂದದ್ದು ನೆನಪಿಲ್ಲ.

"ನಾನು ಏಳಲೇ ಇಲ್ವಾ?" ಎಂದು ಕೇಳಿದೆ.

"ಮನೆ ಬರೋವರೆಗೂ ಇಲ್ಲ" ಎಂದಳು ಅಪೇಕ್ಷಾ. "ಅಪ್ಪ ನಿನ್ನ ಎಬ್ಬಿಸೋಕೆ ಬಿಡ್ಲಿಲ್ಲ."

ಯೋಗೀಶ ಮೇಲೆ ಬಂದು ನೆಲದ ನೀರು, ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತ. "ಏನಾಯ್ತಕ್ಕಾ?" ಎಂದ. ಏನೂ ಇಲ್ಲ, ಸ್ವಲ್ಪ ಹೊತ್ತು ಕೂತುಕೋ ಎಂದೆ. ಕೂರಲು ಅಲ್ಲಿ ಏನೂ ಇರಲಿಲ್ಲ. ಅವನು ಗೋಡೆಗೊರಗಿ ನಿಂತ. ಅಪೇಕ್ಷಾಳಿಗೆ, ಮೊದಲಿನಿಂದ ಇನ್ನೊಂದು ಸಲ ಹೇಳು ಎಂದೆ. ಅವಳು ಹೇಳಿದಳು, ಈ ಸಲ ನನ್ನನ್ನೂ ಸೇರಿಸಿಕೊಂಡು, ಮಳೆ, ಜೋಳ, ಇಲಿ, ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಮಲಗಿದ್ದ ಅಮ್ಮ. ತಾನಾಗಿಯೇ ಅವಳ ದನಿ ಪಿಸುಮಾತಿಗೆ ಇಳಿಯಿತು. ಇವರು ನನ್ನ ಕೈ ಹಿಡಿದುಕೊಂಡು ಕೇಳುತ್ತಿದ್ದರು. ಎಲ್ಲೂ ತಡೆಯಲಿಲ್ಲ.